ಕೆಂಪಮ್ಮ ಜೋಡಿಸಿಟ್ಟ ಕಾರ್ಡುಗಳು

ದೆವ್ವ, ಕಣಿ, ಶಕುನ ಯಾವುದನ್ನೂ ನಾನು ನಂಬಿದವನಲ್ಲ. ಹಾಗಾಗಿ ಇದನ್ನು ಹೇಳಲು ಸ್ವಲ್ಪ ನಾಚಿಕೆ.

ಎಪ್ಪತ್ತರ ದಶಕ. ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ನನಗೆ ಕೆಲಸ. ಆಕಾಶದಿಂದ ಬೀಳುವ ಸೂಕ್ಷ್ಮ ಕಣಗಳ ಲೆಕ್ಕ ಒಂದು ಕಂಪ್ಯೂಟರಿನಿಂದ ಮುಗಿಯುತ್ತಿರಲಿಲ್ಲ; ಮೂರಕ್ಕೆ ಹಂಚಬೇಕಿತ್ತು. ಯಾವುದಕ್ಕೆ ಎಷ್ಟು ಕೆಲಸ, ಯಾವುದು ಮೊದಲು, ಯಾವುದು ಕಾಯಬೇಕು ಎಂದು ಹೇಳುವ ಮೇಸ್ತ್ರಿಯಂಥ ಪ್ರೋಗ್ರಾಮು ನಾನು ಬರೆದದ್ದು. ಚಾಲೂ ಮಾಡಿದರೆ ಮೂರೂ ಯಂತ್ರಗಳು ‘ನೀನು ಮೊದಲು’ ಎಂದು ಒಂದನ್ನೊಂದು ಕಾಯುತ್ತ ಕೂತುಬಿಡುತ್ತಿದ್ದವು. ಸೋಮವಾರದೊಳಗೆ ಸರಿಹೋಗದಿದ್ದರೆ ಬೇರೆ ಕೆಲಸ ನೋಡಿಕೊಳ್ಳಿ ಎಂದು ಮುಖ್ಯಸ್ಥರು ಹೇಳಿದ್ದರು.

ತಲೆಕೆಟ್ಟು ಹುಣಸೂರಿನ ಅಕ್ಕನ ಮನೆಗೆ ಹೋದೆ. ಆಗ ಪ್ರೋಗ್ರಾಮು ಎಂದರೆ ತೂತು ಕೊರೆದ ರಟ್ಟಿನ ಕಾರ್ಡುಗಳ ಕಂತೆ, ಸಾಲಿಗೊಂದು ಕಾರ್ಡು; ಕ್ರಮ ತಪ್ಪಿದರೆ ಎಲ್ಲ ವ್ಯರ್ಥ. ಶನಿವಾರ ಬೆಳಿಗ್ಗೆ ಜಗಲಿಯಲ್ಲಿ ಬಿಚ್ಚಿಟ್ಟುಕೊಂಡಿದ್ದಾಗ ಮೇಕೆಯೊಂದು ನುಗ್ಗಿ ನಾನೂರು ಕಾರ್ಡುಗಳನ್ನೂ ಅಂಗಳದ ತುಂಬ ಚೆಲ್ಲಿತು. ಸೋಮಾರಿತನದಿಂದ ನಾನು ಅವುಗಳಿಗೆ ಕ್ರಮಸಂಖ್ಯೆ ಹಾಕಿರಲಿಲ್ಲ. ಸೀದಾ ಅಂಚೆ ಕಚೇರಿಗೆ ಹೋಗಿ ‘ವಿಪರೀತ ಜ್ವರ’ ಎಂದು ಆಫೀಸಿಗೆ ತಂತಿ ಕೊಟ್ಟೆ.

ಮರಳಿದಾಗ ಕಂತೆ ದಾರ ಕಟ್ಟಿಸಿಕೊಂಡು ಕೂತಿತ್ತು. ಪಕ್ಕದಲ್ಲಿ ಅಕ್ಕನ ಅತ್ತೆ ಕೆಂಪಮ್ಮ. ಅವರಿಗೆ ಓದುಬರಹ ಬಾರದು. ತಂಬಾಕಿನ ಎಲೆಗಳನ್ನು ದರ್ಜೆವಾರು ವಿಂಗಡಿಸುವುದರಲ್ಲಿ ಊರಿಗೇ ಹೆಸರಾದವರು.

“ಎಲ್ಲಾ ಜೋಡ್ಸಿವ್ನಿ ಕಣಪ್ಪ. ಒಂದ್ ಮಾತ್ರ ನೀನೇ ತಪ್ ಜಾಗ್ದಲ್ಲಿ ಮಡ್ಗಿದ್ದೆ. ಮುಂದಕ್ಕೆ ಆಕಿವ್ನಿ.”

“ನಿಮಗೆ ಹೇಗೆ ಗೊತ್ತಾಯ್ತು ಅತ್ತೆಮ್ಮ?”

“ಕೈಗೆ ಗೊತ್ತಾಯ್ತದೆ ಬುಡು. ಉಣ್ಣೋಗು.”

ನಕ್ಕೆ. ಕೆಲಸವಂತೂ ಹೋಯಿತು ಎಂದುಕೊಂಡೇ ಸೋಮವಾರ ಆ ಕಂತೆಯನ್ನು ಯಂತ್ರಕ್ಕೆ ಉಣಿಸಿದೆ. ಮೂರೂ ಕಂಪ್ಯೂಟರುಗಳು ಗೊಣಗದೆ ಕೆಲಸ ಮುಗಿಸಿದವು! ಕಂತೆಯನ್ನು ಆಫೀಸಿನಲ್ಲಿದ್ದ ಪ್ರೋಗ್ರಾಮಿನ ಹಳೆಯ ಅಚ್ಚುಪ್ರತಿಯೊಡನೆ ಹೋಲಿಸಿದೆ. ಒಂದೇ ಒಂದು ಕಾರ್ಡು ಜಾಗ ಬದಲಿಸಿತ್ತು. ಮುಖ್ಯಸ್ಥರು ಬೆನ್ನು ತಟ್ಟಿ, “ಅಷ್ಟು ಜ್ವರದಲ್ಲೂ ಎಂಥ ತಲೆ ಓಡಿಸಿದ್ದೀರಿ!” ಎಂದರು. ನಾನು ಎರಡು ಸಲ ಕೆಮ್ಮಿ ತೋರಿಸಿದೆ.

ಆಕಸ್ಮಿಕವಿರಬೇಕು ಎಂದು ಮುಂದಿನ ಸಲ ಹುಣಸೂರಿಗೆ ಹೋಗುವಾಗ ಪರೀಕ್ಷಿಸಲೆಂದೇ ಸಹೋದ್ಯೋಗಿಯೊಬ್ಬನ ಕಂತೆ ಒಯ್ದು, ನನ್ನದೆಂದು ಸುಳ್ಳು ಹೇಳಿ ಕೊಟ್ಟೆ. ಕೆಂಪಮ್ಮ ನಾಲ್ಕು ಕಾರ್ಡು ಸವರಿ ವಾಪಸು ಚಾಚಿದರು.

“ಇವು ನಿನ್ನವಲ್ಲ ಕಣಪ್ಪ. ಯಾರ್ದೋ ಎತ್ಕೊಂಡ್ ಬಂದಿದ್ದೀಯ. ಕೊಟ್ಬುಡು, ಪಾಪ.”

ಒಂದೇ ಯಂತ್ರದಲ್ಲಿ ತೂತು ಕೊರೆದ, ಒಂದೇ ಬಣ್ಣದ ಕಾರ್ಡುಗಳು ಅವು. ಆಮೇಲೆ ನಾನೂ ಎಷ್ಟೋ ಸಲ, ಯಾರೂ ಇಲ್ಲದಾಗ, ಕಣ್ಣುಮುಚ್ಚಿ ಕಾರ್ಡುಗಳನ್ನು ಸವರಿ ನೋಡಿದ್ದೇನೆ. ನನ್ನ ಬೆರಳಿಗೆ ರಟ್ಟು ಬಿಟ್ಟರೆ ಬೇರೇನೂ ಸಿಕ್ಕಿಲ್ಲ.