ಹಳ್ಳದ ಆಚೆ ದಂಡೆಯಲ್ಲಿ ನಕ್ಕ ಮನುಷ್ಯ

ಮಕ್ಕಳೇ, ಸಿಂಧನೂರಿನಿಂದ ಲಿಂಗಸೂಗೂರಿಗೆ ನೀವು ಬಸ್ಸಿನಲ್ಲಿ ನಿದ್ದೆ ಮಾಡುತ್ತಲೇ ಹೋಗಿಬಿಡುತ್ತೀರಿ. ನಾನು ಆ ದಾರಿಯಲ್ಲಿ ಮೊದಲ ಸಲ ಹೋದದ್ದು ನಿಜಾಮರ ರಾಜ್ಯವಿದ್ದಾಗ, ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ಒಂದು ಮಳೆಯ ದಿನ. ಎದುರಿಗೆ ಕೂತು ಹೇಳುವಷ್ಟು ಮಾತು ನನಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಕುದುರೆಯ ಸಪ್ಪಳವಾಯಿತು. ಲಿಂಗಸೂಗೂರಿನಿಂದ ಬಂದ ಆಳು ಒಳಗೆ ಕಾಲಿಡಲಿಲ್ಲ, ಕೊಟ್ಟ ನೀರನ್ನೂ ಮುಟ್ಟಲಿಲ್ಲ. ಸಾವಿನ ಸುದ್ದಿ ತಂದವರು ಹಾಗೆಯೇ ಮಾಡುತ್ತಾರೆ. ಅಂಗಳದಲ್ಲೇ ನಿಂತು, "ನೀಲವ್ವಾರು ನಿನ್ನಿ ಹೊತ್ತು ಮುಣಗೂ ಹೊತ್ತಿಗೆ ಹೋಗ್ಯಾರ್ರಿ" ಎಂದ. ಅವನ ಮುಖ ನಿಜವಾಗಿಯೂ ಬಾಡಿತ್ತು. ಅಷ್ಟು ಹೇಳಿ ಕುದುರೆ ತಿರುಗಿಸಿ, ಇನ್ನೊಂದು ಊರಿಗೆ ತಿಳಿಸಬೇಕೆಂದು ಹೋದ.

ನೀಲವ್ವ ನನ್ನ ತವರೂರಿನ ಗೆಳತಿ. ಮಠದ ಅಯ್ಯನವರ ಮುಂದೆ ಒಂದೇ ಮರಳ ಹಲಗೆಯ ಮೇಲೆ ಇಬ್ಬರೂ ಅಕ್ಷರ ತಿದ್ದಿದವರು. ಅವಳನ್ನು ಲಿಂಗಸೂಗೂರಿಗೆ, ನನ್ನನ್ನು ಸಿಂಧನೂರಿಗೆ ಕೊಟ್ಟರು. ಅವಳು ಆಗ ಚೊಚ್ಚಲ ಬಸುರಿ. ಮಣ್ಣು ಕೊಡುವುದರೊಳಗೆ ಮುಖ ನೋಡಬೇಕು, ನನಗೆ ಬೇರೆ ಏನೂ ಬೇಡವಾಗಿತ್ತು. ಅದನ್ನು ಬಾಯಿಬಿಟ್ಟು ಕೇಳಲು ಸಂಕೋಚಪಟ್ಟು ಬಾಗಿಲ ಹಿಂದೆ ನಿಂತಿದ್ದೆ. ನಿಮ್ಮ ಅಜ್ಜ ನನ್ನ ಕಡೆ ಒಮ್ಮೆ ನೋಡಿ ಹೊರಗೆ ಹೋದರು. ಊರಿಂದೂರಿಗೆ ಜನರನ್ನು ಒಯ್ಯುವ ಸರ್ವಿಸ್ ಮೋಟಾರು ಮಳೆಗೆ ನಿಂತುಹೋಗಿತ್ತು. ಹತ್ತಿ ಅಡತಿಯ ಸಾಹುಕಾರರ ಕಾರನ್ನು ಬಾಡಿಗೆಗೆ ತಂದರು. ಪೆಟ್ರೋಲು ಸಿಗದ ದಿನಗಳು, ಕಾರಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು, ಅದರ ಅನಿಲದಿಂದಲೇ ಗಾಡಿ ಓಡಬೇಕು. ಒಲೆ ಹೊತ್ತುಕೊಂಡು ಸಾವಿನ ಮನೆಗೆ ಹೊರಟ ಹಾಗಿತ್ತು.

ಊರು ದಾಟಿದರೆ ಬರೀ ಎರೆಹೊಲ. ಆಗ ಕಾಲುವೆ ಇರಲಿಲ್ಲ, ಭತ್ತವೂ ಇರಲಿಲ್ಲ. ಮೊಣಕಾಲೆತ್ತರದ ಜೋಳ, ನಡುವೆ ಜಾಲಿ. ಆಕಾಶ ಎಷ್ಟು ಕೆಳಗೆ ಬಂದಿತ್ತೆಂದರೆ ಹೊಲ ಎಲ್ಲಿ ಮುಗಿಯಿತು, ಮೋಡ ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಮೈಲುಗಲ್ಲುಗಳ ಮೇಲೆ ಉರ್ದುವಿನಲ್ಲಿ ಬರೆದಿತ್ತು. ನನಗೆ ಓದಲು ಬಾರದು. ಒಂದೊಂದು ಕಲ್ಲು ಬಂದಾಗಲೂ ಎಷ್ಟು ಉಳಿಯಿತೆಂದು ಕೇಳಬೇಕೆನಿಸುತ್ತಿತ್ತು, ಡ್ರೈವರ್ ಖಾಜಾನ ಎದುರಿಗೆ ಕೇಳಲಿಲ್ಲ. ದಾರಿಯುದ್ದಕ್ಕೂ ಒಂದು ಹಕ್ಕಿಯ ಸದ್ದಿಲ್ಲ, ಎದುರಿಗೆ ಒಂದು ಬಂಡಿಯಿಲ್ಲ. ಎರಡು ಸಲ ಚಕ್ರಕ್ಕೆ ಎರೆಮಣ್ಣು ಮೆತ್ತಿಕೊಂಡು ಕಾರು ನಿಂತಿತು. ಖಾಜಾ ಇಳಿದು ಕಟ್ಟಿಗೆಯಿಂದ ಕೆರೆದು ಮತ್ತೆ ಹೊರಡಿಸಿದ.

ಹದಿನೆಂಟು ಮೈಲು ಸಾಗಿ ಮಸ್ಕಿ ತಲುಪಿದಾಗ ಊಟದ ಹೊತ್ತು ಹತ್ತಿರವಾಗಿತ್ತು. ಊರಿನ ಬೆನ್ನಿಗಿರುವ ಗುಡ್ಡ ಕಾಣಲೇ ಇಲ್ಲ. ಮಳೆ ಸ್ವಲ್ಪ ಸರಿದಾಗ ದೊಡ್ಡ ಬಂಡೆಗಳು ಇದ್ದಕ್ಕಿದ್ದಂತೆ ತಲೆಯ ಮೇಲೆ ಬಂದು ನಿಂತವು, ಮತ್ತೆ ಮರೆಯಾದವು. ಊರು ದಾಟಿದ ಕೂಡಲೇ ರಸ್ತೆಗೆ ಅಡ್ಡವಾಗಿ ಹಳ್ಳ. ಕೆಂಪು ನೀರು ದಂಡೆ ತುಂಬಿ ಹರಿಯುತ್ತಿತ್ತು.

ಖಾಜಾ ಕಾರು ನಿಲ್ಲಿಸಿದ. "ಗೌಡ್ರ, ಇದರಾಗ ಗಾಡಿ ಇಳಿಸಿದ್ರ ಅವರ ಮಣ್ಣಿಗಲ್ಲ, ನಮ್ಮ ಮಣ್ಣಿಗೇ ಹೋಗ್ತೀವ್ರಿ" ಎಂದ.

ಆಗ ನಾನು ಆಚೆ ದಂಡೆಯನ್ನು ನೋಡಿದೆ. ಅಲ್ಲಿ ಒಬ್ಬನೇ ಒಬ್ಬ ನಿಂತಿದ್ದ. ತಲೆಗೆ ಗೋಣಿಯ ಕೊಪ್ಪೆ, ಪಕ್ಕದಲ್ಲಿ ಸೈಕಲ್ಲು. ನಿಮ್ಮ ಅಜ್ಜ ಕೆಳಗಿಳಿದದ್ದೇ ತಡ, ಅವರ ಗುರುತು ಹಿಡಿದವನಂತೆ ಎರಡೂ ಕೈ ಎತ್ತಿ ಬೀಸತೊಡಗಿದ. ಬಾಯಿ ಅಗಲಿಸಿ ಕೂಗುತ್ತಿದ್ದ. ನೀರಿನ ಅಬ್ಬರದಲ್ಲಿ ಒಂದು ಮಾತೂ ಈಚೆಗೆ ಬರಲಿಲ್ಲ. ಆಮೇಲೆ ಅವನು ನಕ್ಕ. ಹೊಟ್ಟೆ ಹಿಡಿದುಕೊಂಡು, ಕತ್ತು ಹಿಂದಕ್ಕೆ ಹಾಕಿ, ಸದ್ದೇ ಇಲ್ಲದೆ ನಕ್ಕ. ನಡುವೆ ನಮ್ಮ ಕಡೆ ಬೆರಳು ತೋರಿಸಿ, ಬೇಡ ಬೇಡ ಎನ್ನುವಂತೆ ಕೈ ಆಡಿಸಿದ. ಮತ್ತೆ ನಕ್ಕ.

ನಾನು ಸೆರಗು ಎಳೆದುಕೊಂಡು ಕಣ್ಣು ತಪ್ಪಿಸಿದೆ. "ಯಾವನೋ ಹುಚ್ಚ ಇರಬೇಕು" ಎಂದರು ನಿಮ್ಮ ಅಜ್ಜ. ಆದರೆ ಅವರೂ ಬೇಗ ಮುಖ ತಿರುಗಿಸಿಕೊಂಡರು.

ನೀರು ಇಳಿಯುವವರೆಗೆ ಊರೊಳಗಿನ ಖಾನಾವಳಿಯಲ್ಲಿ ಕೂತೆವು. ಗಂಡಸರು ಪಡಸಾಲೆಯಲ್ಲಿ ಉಂಡರು. ನನ್ನನ್ನು ಖಾನಾವಳಿಯ ಅಮ್ಮ ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂರಿಸಿದಳು. ವಯಸ್ಸಾದ ಹೆಣ್ಣುಮಗಳು, ಹಣೆಯ ತುಂಬ ವಿಭೂತಿ. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿಪುಡಿ ಬಡಿಸಿ ಮುಂದಿಟ್ಟಳು. ನೀಲವ್ವನ ಮುಖ ನೋಡದೆ ಉಣ್ಣುವುದು ಹೇಗೆಂದು ನಾನು ಕೈ ಚಾಚಲಿಲ್ಲ. ಎಲ್ಲಿಗೆ ಹೊರಟದ್ದು, ಸತ್ತವರು ಯಾರು ಎಂದು ಅಮ್ಮ ಕೇಳಿ ತಿಳಿದುಕೊಂಡಳು. ಮನೆಯಿಂದ ಅಲ್ಲಿಯವರೆಗೆ ನಾನು ಒಂದು ಹನಿ ಅತ್ತಿರಲಿಲ್ಲ. ಪರರ ಮುಂದೆ ಅಳುವುದು ನನಗೆ ಆಗದ ಕೆಲಸ.

ಅವಳು ಎದ್ದು ಮೂಲೆಯಿಂದ ಹಸಿ ಕಟ್ಟಿಗೆ ತಂದು ಒಲೆಗೆ ತುರುಕಿದಳು. ಮನೆ ತುಂಬ ಹೊಗೆಯೆದ್ದಿತು. ಪಡಸಾಲೆಯಲ್ಲಿ ಖಾಜಾ ಕೆಮ್ಮಿದ.

"ಈಗ ಅಳು ತಂಗಿ. ಹೊಗಿಗೆ ಕಣ್ಣು ಉರದ್ವು ಅಂತಾರ, ಯಾರಿಗೂ ತಿಳಿಯಂಗಿಲ್ಲ" ಎಂದಳು.

ನಾನು ಅತ್ತೆ. ಸೆರಗು ತೊಯ್ಯುವಷ್ಟು ಅತ್ತೆ. ಅವಳು ಬೆನ್ನು ತಿರುಗಿಸಿಕೊಂಡು ಹಿಟ್ಟು ನಾದುತ್ತಿದ್ದಳು.

ಹೊತ್ತು ವಾಲಿದ ಮೇಲೆ ನೀರು ಇಳಿಯಿತು. ಎರಡು ಜೋಡಿ ಎತ್ತು ಕಟ್ಟಿ ಕಾರನ್ನು ಹಳ್ಳದಾಚೆ ಎಳೆಸಿದರು. ಆಚೆ ದಂಡೆಯಲ್ಲಿ ಯಾರೂ ಇರಲಿಲ್ಲ. ಅವನು ನಿಂತಿದ್ದ ಜಾಗದಲ್ಲಿ ಸೈಕಲ್ಲಿನ ಗೆರೆ ನೀರಿನ ಅಂಚಿನವರೆಗೆ ಬಂದು ಅಲ್ಲೇ ಮುಗಿದಿತ್ತು. ಖಾಜಾ ಅದನ್ನು ನೋಡಿ ಏನೋ ಮಣಮಣಿಸಿ, ಎದೆ ಮುಟ್ಟಿಕೊಂಡು ಕಾರು ಓಡಿಸಿದ.

ಲಿಂಗಸೂಗೂರಿನಲ್ಲಿ ಹಿಂದೆ ದಂಡು ಬೀಡುಬಿಟ್ಟಿದ್ದ ಹಳೇ ಛಾವಣಿಯ ಬಂಗಲೆಗಳನ್ನು ದಾಟಿ ನೀಲವ್ವನ ಓಣಿಗೆ ಬಂದೆವು. ಓಣಿಯಲ್ಲಿ ಜನರಿಲ್ಲ. ಭಜನೆಯಿಲ್ಲ, ಅಳುವ ಧ್ವನಿಯಿಲ್ಲ. ಕದ ಮುಚ್ಚಿತ್ತು. ಎಲ್ಲ ಮುಗಿದುಹೋಯಿತು ಎಂದುಕೊಂಡೆ. ಮುಖ ನೋಡುವುದು ತಪ್ಪಿತು. ನಿಮ್ಮ ಅಜ್ಜ ಚಿಲಕ ಬಡಿದರು.

ಕದ ತೆಗೆದವಳು ನೀಲವ್ವ.

ಕೂದಲು ಬಿಚ್ಚಿತ್ತು, ಕೈಯಲ್ಲಿ ದೀಪವಿತ್ತು. ನಾನು ಹಿಂದೆ ಸರಿದು ಮೊದಲು ಅವಳ ಕಾಲು ನೋಡಿದೆ. ದೆವ್ವದ ಪಾದ ಹಿಂದುಮುಂದಾಗಿರುತ್ತದೆ ಅನ್ನುತ್ತಾರಲ್ಲ. ಪಾದ ನೆಟ್ಟಗಿದ್ದವು, ಬೆರಳಲ್ಲಿ ಕಾಲುಂಗುರವಿತ್ತು.

"ಯಾಕ ಬೇ ಬಸ್ಸಿ, ಸತ್ತಾಕಿನ್ನ ನೋಡಿದಂಗ ನೋಡಾಕತ್ತಿ?" ಎಂದು ನಕ್ಕಳು. ಆಮೇಲೆ ನಮ್ಮ ಮುಖ ನೋಡಿ ಅವಳ ನಗು ನಿಂತಿತು. "ಎರಡನೇ ಆಳು ಬರಲಿಲ್ಲೇನು?"

ಹಿಂದಿನ ದಿನ ಬಾವಿಯ ಹತ್ತಿರ ಕಾಗೆ ಅವಳ ತಲೆ ಬಡಿದಿತ್ತಂತೆ. ಕಾಗೆ ತಲೆ ಮುಟ್ಟಿದರೆ ಜೀವಕ್ಕೆ ಕುತ್ತು, ಸತ್ತಳೆಂದು ಸುದ್ದಿ ಕಳಿಸಿ, ಬೇಕಾದವರು ಅತ್ತರೆ ಕುತ್ತು ಕಳೆಯುತ್ತದೆ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿದ್ದ ರೂಢಿ. ಬಸುರಿ ಸೊಸೆಯೆಂದು ಅವಳ ಅತ್ತೆ ತಡಮಾಡಲಿಲ್ಲ. ಸುದ್ದಿ ನಿಜವೆನಿಸಲೆಂದು ಮೊದಲ ಆಳಿಗೂ ಸುಳ್ಳನ್ನೇ ಹೇಳಿದ್ದರು. ನಾವು ಅತ್ತ ಮೇಲೆ ಮುಟ್ಟಲಿ ಎಂದು, ನಿಜ ಹೇಳುವ ಎರಡನೆಯವನನ್ನು ಬೆಳಗಿನ ಜಾವ ಸೈಕಲ್ಲಿನ ಮೇಲೆ ಕಳಿಸಿದ್ದರು. ಅವನನ್ನು ಹಳ್ಳ ತಡೆದಿತ್ತು. ಮುಂದಿನದು ಊರಿಗೆ ಮರಳಿದ ಮೇಲೆ ತಿಳಿಯಿತು: ನಾವು ಖಾನಾವಳಿಯಲ್ಲಿದ್ದಾಗ ಅವನು, ನಾವು ಮನೆಗೆ ಹಿಂದಿರುಗಿದೆವೆಂದುಕೊಂಡು, ನೀರಿನಂಚಿನಲ್ಲೇ ಸೈಕಲ್ಲನ್ನು ಹೆಗಲಿಗೇರಿಸಿ, ಕಲ್ಲುಗಳ ಮೇಲೆ ಹಳ್ಳದ ಮೇಲುಗಡೆಗೆ ನಡೆದು, ದಾಟು ಹುಡುಕಿ ಸಿಂಧನೂರು ಸೇರಿದ್ದ. ಸಂಜೆ ಮನೆಯಲ್ಲಿದ್ದ ನಮ್ಮ ಅತ್ತೆಯವರಿಗೆ ನಿಜ ಹೇಳಿ, ಉಂಡು ಮಲಗಿದ್ದನಂತೆ.

ಅವಳ ಅತ್ತೆ ನನ್ನನ್ನು ಒಳಗೆ ಕರೆದು ಒಂದೇ ಮಾತು ಕೇಳಿದಳು. "ಕಣ್ಣೀರು ಬಂದ್ವೋ ಇಲ್ಲೋ?"

"ಬಂದ್ವು" ಎಂದೆ. ಆಕೆ ದೇವರ ಜಗುಲಿಗೆ ಹೋಗಿ ವಿಭೂತಿ ತಂದು ನಮ್ಮಿಬ್ಬರ ಹಣೆಗೂ ಹಚ್ಚಿದಳು.

ರಾತ್ರಿ ನೀಲವ್ವ ಪಕ್ಕದಲ್ಲೇ ಮಲಗಿದ್ದಳು. ಅವಳ ಕೈ ಮುಟ್ಟಿ ನೋಡಿದೆ, ಬೆಚ್ಚಗಿತ್ತು. "ನಿನ್ನ ಹೆಸರ ನಾನ ಹೇಳಿದ್ದೆ. ಮಂದಿ ಬಾಯಿಲೆ ಅಳತಾರ, ನೀ ಹಂಗ ಅಳಾಕಿ ಅಲ್ಲ" ಎಂದಳು. ಮರುದಿನ ಮಳೆ ನಿಂತಿತ್ತು. ಹಿಂದಿರುಗುವಾಗ ಹಳ್ಳ ದಾಟಿ ತಿರುಗಿ ನೋಡಿದೆ. ಆಚೆ ದಂಡೆ ಖಾಲಿಯಿತ್ತು. ಆದರೂ ಅಲ್ಲಿ ಒಬ್ಬ ಬಾಯಿ ತೆರೆದು ನಗುತ್ತಿದ್ದಾನೆ ಅನ್ನಿಸಿತು.

ನೀಲವ್ವ ಗಂಡು ಹಡೆದಳು, ಮೊಮ್ಮಕ್ಕಳನ್ನು ಕಂಡಳು. ನಿಮ್ಮ ಅಜ್ಜ ಹೋದ ಮೇಲೆ, ಒಂದು ಮಳೆಗಾಲದ ಬೆಳಿಗ್ಗೆ, ಲಿಂಗಸೂಗೂರಿನಿಂದ ಒಬ್ಬ ಬಂದು ಅಂಗಳದಲ್ಲೇ ನಿಂತ. ನೀರು ಮುಟ್ಟಲಿಲ್ಲ. ಅದೇ ಮಾತು ಹೇಳಿ ಹೋದ. ನಿಮ್ಮಪ್ಪ ಬಸ್ಸಿಗೆ ಹೋಗೋಣ ಎಂದರೆ, ತಡೆ ಎಂದೆ. ಕಟ್ಟೆಯ ಮೇಲೆ ಕೂತು ಮಸ್ಕಿಯ ದಾರಿಯನ್ನೇ ನೋಡಿದೆ. ಹೊತ್ತು ಮುಳುಗುವವರೆಗೂ ಎರಡನೆಯವನು ಬರಲಿಲ್ಲ. ಆಮೇಲೆ ಒಳಗೆ ಹೋಗಿ ಒಲೆಗೆ ಹಸಿ ಕಟ್ಟಿಗೆ ಒಟ್ಟಿದೆ.