ಪೆಟ್ಟಿಗೆಯಿಲ್ಲದ ಹಾಡು

ನಮ್ಮಕ್ಕ ನೀಲಗಂಗಮ್ಮ ಒಳ್ಳೆಯ ಹಾಡುಗಾರ್ತಿ ಎಂದು ವಿಜಯನಗರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅರ್ಧ ಸುಳ್ಳು. ಹಾಡುತ್ತಿದ್ದದ್ದು ಇಬ್ಬರು. ಅವಳು ವಚನದ ಒಂದು ಸಾಲು ಹಾಡಿ ನಿಲ್ಲಿಸುವಳು. ಭಾವ ರೇವಣಸಿದ್ದಪ್ಪನವರು ಅದೇ ಸಾಲನ್ನು ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ನುಡಿಸುವರು. ಆಮೇಲೇ ಮುಂದಿನ ಸಾಲು. ಮದುವೆಯಾದಾಗಿನಿಂದ ಇದೇ ಪದ್ಧತಿ. ಜಗಳವಾಡುವಾಗಲೂ ಹಾಗೇ, ಇವಳದೊಂದು ಮಾತು, ಅವರದೊಂದು ಮಾತು.

ಮೊನ್ನೆ ಭಾವ ತೀರಿಕೊಂಡರು. ಆಸ್ಪತ್ರೆಯಲ್ಲಿ ಅಕ್ಕನ ಕೈ ಹಿಡಿದು ಕೇಳಿದ್ದು ಒಂದೇ: "ನೀನೇ ಹಾಡಿ ಕಳ್ಸು ಕಣೇ. ಬೇರೆಯವ್ರ ಕೈಲಿ ಹಾಡಿಸ್ಬೇಡ."

ನಮ್ಮವರಲ್ಲಿ ಸೂತಕವಿಲ್ಲ. ಶವವನ್ನು ಕೂರಿಸಿ, ವಿಭೂತಿ ಬಳಿದು, ಮಣ್ಣಿಗೆ ಒಯ್ಯುವ ತನಕ ಎದುರಿಗೆ ಕೂತು ವಚನ ಹಾಡುತ್ತೇವೆ. ಮಾರೇನಹಳ್ಳಿಯ ಅಕ್ಕನ ಮನೆ ತುಂಬಿತ್ತು. ಅಕ್ಕ ಮಾತ್ರ ಬಾಯಿ ತೆರೆಯಲೊಲ್ಲಳು. ಭಜನಾ ಮಂಡಳಿಯ ದೇವೇಂದ್ರಪ್ಪನವರು ಪೆಟ್ಟಿಗೆ ಎಳೆದುಕೊಂಡರೆ, "ಅದನ್ನ ಮುಟ್ಬೇಡಿ" ಎಂದಳು. ನನ್ನ ಕಡೆ ತಿರುಗಿ, "ಶ್ರುತಿ ಇಲ್ದೆ ಹೆಂಗೆ ಹಾಡ್ಲಿ ಕಣೇ ಜಗದಾ? ನಂಗೆ ಬರಲ್ಲ" ಎಂದಳು. ನನಗೆ ಪಾಪ ಅನ್ನಿಸಿತು, ಸಿಟ್ಟೂ ಬಂತು. ಎತ್ತುವ ಹೊತ್ತಾಗುತ್ತಿತ್ತು.

ಅಕ್ಕನ ಮೊಮ್ಮಗಳು ರಕ್ಷಾ ಕಾಲೇಜಿನಲ್ಲಿ ಇಂಗ್ಲಿಷ್ ಹಾಡಿನ ಗುಂಪಿಗೆ ಸೇರಿದ್ದಾಳೆ. ಅವಳು ಅಜ್ಜಿಯ ಪಕ್ಕ ಕೂತು, "ವಾದ್ಯ ಇಲ್ದೇನೂ ಹಾಡ್ತಾರೆ ಅಜ್ಜಿ. ಅದಕ್ಕೆ 'ಆ ಕಪೆಲ್ಲ' ಅಂತಾರೆ, ಇಟಲಿ ಮಾತು" ಎಂದು ಶುರು ಮಾಡಿದಳು. ಹೊತ್ತು ಗೊತ್ತು ಇಲ್ಲವೇ ಈ ಹುಡುಗಿಗೆ ಎಂದು ನಾನು ಕಣ್ಣು ಕೆಕ್ಕರಿಸಿದೆ. ಅವಳು ಕೇಳುವ ಪೈಕಿಯೇ?

"ಕ್ರೈಸ್ತರ ಪ್ರಾರ್ಥನೆ ಮಂದಿರದ ರೀತೀಲಿ ಅಂತ ಅರ್ಥ. ಆ ಮಂದಿರಕ್ಕೆ ಕಪೆಲ್ಲ ಅನ್ನೋ ಹೆಸರು ಬಂದಿದ್ದು ಒಂದು ಹೊದಿಕೆಯಿಂದ. ಮಾರ್ಟಿನ್ ಅಂತ ಒಬ್ಬ ಸಿಪಾಯಿ, ಚಳೀಲಿ ನಡುಗ್ತಿದ್ದ ಭಿಕ್ಷುಕನಿಗೆ ತನ್ನ ಹೊದಿಕೇನ ಕತ್ತರಿಸಿ ಅರ್ಧ ಕೊಟ್ನಂತೆ. ಆಮೇಲೆ ಅವನು ಸಂತನಾದ. ಉಳಿದರ್ಧ ಪೂಜೆಗಿಟ್ಟ ಜಾಗಕ್ಕೂ ಹೊದಿಕೆ ಹೆಸರೇ ಬಂತಂತೆ."

ಅಕ್ಕ ತಲೆ ಎತ್ತಿದಳು. "ಅರ್ಧ ಹೊದ್ಕೊಂಡ್ರೆ ಅವನಿಗೆ ಚಳಿ ಆಗ್ಲಿಲ್ವೇನೇ?"

"ಆಗಿರುತ್ತೆ ಅಜ್ಜಿ."

ಅಕ್ಕ ಭಾವನ ಮುಖ ನೋಡಿ, "ನನ್ನರ್ಧ ನಾನು ಹಾಡ್ತೀನಿ" ಎಂದು ಹಾಡತೊಡಗಿದಳು. ಒಂದು ಸಾಲು ಹಾಡಿ ಅಭ್ಯಾಸಬಲದಿಂದ ನಿಲ್ಲಿಸಿದಳು. ಪೆಟ್ಟಿಗೆ ನುಡಿಯಬೇಕಾದ ಜಾಗ ಖಾಲಿ. ಮತ್ತೊಂದು ಸಾಲು ಹಾಡಿದಳು, ಮತ್ತೆ ಕಾದಳು. ನಾನು ತಡೆಯಲಾಗದೆ ಅತ್ತುಬಿಟ್ಟೆ. ಆಮೇಲೆ ಅವಳು ಕಾಯುವುದನ್ನೇ ಬಿಟ್ಟಳು. ಸಾಲಿನ ಮೇಲೆ ಸಾಲು, ಕೊನೆಯವರೆಗೆ ಹಾಡಿ ಮುಗಿಸಿದಳು.

ಗಂಡಸರು ಭಾವನನ್ನು ಹೊತ್ತು ಹೋದರು. ಅವರು ಕೇಳಿದಂತೆಯೇ ಕಳಿಸಿಕೊಟ್ಟೆಯಲ್ಲ, ಶ್ರುತಿ ಒಂಚೂರೂ ತಪ್ಪಲಿಲ್ಲ ಎಂದು ಅಕ್ಕನಿಗೆ ಸಮಾಧಾನ ಹೇಳಹೋದೆ.

"ಹೂಂ, ತಪ್ಪಲಿಲ್ಲ" ಎಂದಳು. "ಅವ್ರಿಲ್ದೆ ಹಾಡೋಕೆ ನಂಗೆ ಬರುತ್ತೆ ಅಂತ ಗೊತ್ತಾಗ್ಬಾರ್ದಿತ್ತು ಕಣೇ."