ಅಕ್ಕನ ವ್ಯಾನ್ ನಿಲ್ಲುತ್ತಿದ್ದ ಬೀದಿಗಳು

ಅಕ್ಕ ತೀರಿಕೊಂಡ ಮೇಲೆ ಅವಳ ಡೀಸೆಲ್ ವ್ಯಾನನ್ನು ನಾನು ಓಡಿಸತೊಡಗಿದೆ. ಚಾಮರಾಜಪೇಟೆಯ ತನ್ನ ಮನೆಯಲ್ಲಿ ಅಡುಗೆ ಮಾಡಿಸಿ, ಬಸವನಗುಡಿಯವರೆಗೆ ಮನೆಮನೆಗೆ ಊಟದ ಕ್ಯಾರಿಯರ್ ಮುಟ್ಟಿಸುವುದು ಅವಳ ಕಸುಬಾಗಿತ್ತು. ಒಂದು ಜ್ವರ ಅವಳನ್ನು ಕರೆದುಕೊಂಡು ಹೋಯಿತು. ಅವಳ ಗಂಡನಿಗೆ, ಅಂದರೆ ನನ್ನ ಭಾವನಿಗೆ, ಡ್ರೈವಿಂಗ್ ಬಾರದು. ಬ್ಯಾಂಕಿನಿಂದ ನಿವೃತ್ತಳಾಗಿ ಮನೆಯಲ್ಲಿದ್ದ ನಾನು ಸ್ಟಿಯರಿಂಗ್ ಹಿಡಿದೆ. ಭಾವ ಪಕ್ಕದಲ್ಲಿ ಕೂತು ದಾರಿ ಹೇಳುತ್ತಿದ್ದರು.

ಮೊದಲ ವಾರವೇ ವ್ಯಾನ್ ಒಂದು ಕೆಂಪು ಗೇಟಿನ ಮುಂದೆ ತಾನಾಗಿ ನಿಂತುಬಿಟ್ಟಿತು. ಆ ಮನೆಯವರು ನಮ್ಮಲ್ಲಿಂದ ಊಟ ತರಿಸುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಹಂಪ್ ಇದೆಯೆಂದು ನಿಧಾನ ಮಾಡಿದ್ದೆ, ಅಷ್ಟೆ. ಇಂಜಿನ್ ಗಡಗಡ ನಡುಗಿ ಆರಿಹೋಯಿತು. ಕೀಲಿ ತಿರುಗಿಸಲು ಹೋದರೆ ಭಾವ ಕೈ ತಡೆದರು.

"ಇರು ಒಂದ್ನಿಮಿಷ. ಅವಳು ಇಳಿದಿದಾಳೆ. ಕ್ಯಾರಿಯರ್ ಕೊಟ್ಟು ಬರ್ತಾಳೆ."

ತಮಾಷೆಯೇ ಎಂದು ಮುಖ ನೋಡಿದೆ. ಅವರು ಗೇಟನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ, "ಹೂಂ, ಹೊರಡು" ಎಂದರು. ವ್ಯಾನ್ ಸ್ಟಾರ್ಟ್ ಆಯಿತು.

ಆಮೇಲೆ ದಿನವೂ ಒಂದಲ್ಲ ಒಂದು ಬೀದಿಯಲ್ಲಿ ಹೀಗೇ ನಡೆಯಿತು. ನನಗೆ ದೆವ್ವ ಭೂತಗಳಲ್ಲಿ ನಂಬಿಕೆಯಿಲ್ಲ. ಆದರೂ ಇಂಜಿನ್ ಆರಿದ ಆ ಮೌನದಲ್ಲಿ ಹಿಂದೆ ಕ್ಯಾರಿಯರ್‌ಗಳು ಸಣ್ಣಗೆ ಸದ್ದು ಮಾಡಿದರೆ ಕನ್ನಡಿ ನೋಡುವ ಧೈರ್ಯವಾಗುತ್ತಿರಲಿಲ್ಲ.

ಒಂದು ದಿನ ಮತ್ತೆ ಸ್ಟಾರ್ಟ್ ಮಾಡಿದಾಗ ಕಪ್ಪು ಹೊಗೆ ದಟ್ಟವಾಗಿ ಎದ್ದು, ಜಗಲಿಯಲ್ಲಿ ಕೂತಿದ್ದ ಅಜ್ಜಿಯೊಬ್ಬರು ಕೆಮ್ಮುತ್ತಾ ಒಳಗೆ ಹೋದರು. ಗ್ಯಾರೇಜಿಗೆ ಒಯ್ಯುತ್ತೇನೆಂದೆ.

"ಬೇಡಮ್ಮ. ಹೇಗಿದ್ಯೋ ಹಾಗೇ ಇರ್ಲಿ" ಎಂದರು ಭಾವ.

ಅವರ ಮಾತು ಮೀರಿ ಬಿನ್ನಿಪೇಟೆಯ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಒಂದು ಭಾಗ ಬಿಚ್ಚಿ ತೋರಿಸಿದ. ಒಳಗೆಲ್ಲ ಎಣ್ಣೆ ಬೆರೆತ ಮಸಿ ಗಟ್ಟಿಯಾಗಿ ಮೆತ್ತಿತ್ತು.

"ಇದು ಇಜಿಆರ್ ವಾಲ್ವ್ ಮೇಡಂ. ಸುಟ್ಟ ಹೊಗೇಲಿ ಸ್ವಲ್ಪಾನ ವಾಪಸ್ ಇಂಜಿನ್ ಒಳಗೇ ಬಿಡತ್ತೆ. ಆಗ ಉರಿಯೋ ಬಿಸಿ ಇಳಿಯತ್ತೆ, ನೈಟ್ರೋಜನ್ ಆಕ್ಸೈಡ್ ಅನ್ನೋ ವಿಷದ ಗಾಳಿ ಕಮ್ಮಿ ಆಗತ್ತೆ. ನಿಮ್ದು ಮಸಿ ಹಿಡ್ದು ತೆರ್ಕೊಂಡೇ ನಿಂತ್ಬಿಟ್ಟಿದೆ. ಸ್ಲೋ ಮಾಡಿದ್ರೆ ಹೊಗೇನೇ ಜಾಸ್ತಿ ಆಗಿ, ಒಳ್ಳೆ ಗಾಳಿ ಸಾಲ್ದೆ ಇಂಜಿನ್ ಉಸಿರು ಕಟ್ಟತ್ತೆ. ಬರೀ ನಾಕ್ ಮನೆ ಹೋಗೋದು, ನಿಲ್ಸೋದು ಮಾಡಿದ್ರೆ ಹೀಗೇ."

ಹಾಗೆ ಓಡಿಸಿದವಳು ಅಕ್ಕ. ಒಂದೊಂದು ಬಾಗಿಲಲ್ಲಿ ನಿಂತು ನಿಂತು ಕೂಡಿದ ಮಸಿ ಅದು. ಅವನು ಕೆರೆದು ಹಾಕುತ್ತಿದ್ದರೆ ನನಗೆ ನೋಡಲಾಗಲಿಲ್ಲ.

"ಈ ವಾಲ್ವನ್ನೇ ಪೂರ್ತಿ ಮುಚ್ಬಿಡ್ಲಾ? ಕೆಲವ್ರು ಹಾಗೇ ಮಾಡಿಸ್ತಾರೆ."

"ಬೇಡಪ್ಪ, ಆ ವಿಷದ ಗಾಳಿ ಜಾಸ್ತಿ ಆಗತ್ತಲ್ಲ. ಕ್ಲೀನ್ ಮಾಡು, ಸಾಕು."

ಮಾರನೆಯ ದಿನ ಅಡ್ಡರಸ್ತೆಗಳಲ್ಲಿ ಎಷ್ಟು ನಿಧಾನ ಮಾಡಿದರೂ ವ್ಯಾನ್ ಆರಲಿಲ್ಲ. ಹೊಗೆಯೂ ಇಲ್ಲ. ಭಾವ ಹಿಂದಕ್ಕೆ ತಿರುಗಿ, ಕೆಂಪು ಗೇಟಿನ ಬೀದಿ ಮರೆಯಾಗುವವರೆಗೆ ನೋಡಿದರು.

"ಅವಳು ಅಲ್ಲೇ ಉಳ್ಕೊಂಡ್ಲು" ಎಂದರು. "ನಿಲ್ಸು, ಇಳೀತೀನಿ."

"ಭಾವ, ಬಿಸಿಲು. ಮನೆಗೆ ಹೋಗೋಣ ಬನ್ನಿ."

ಅವರಾಗಲೇ ಬಾಗಿಲು ತೆರೆದಿದ್ದರು.

ಅಂದಿನಿಂದ ಭಾವ ವ್ಯಾನ್ ಹತ್ತಿಲ್ಲ. ಊಟ ಹಂಚುವಾಗ ಒಮ್ಮೊಮ್ಮೆ ಯಾವುದೋ ತಿರುವಿನಲ್ಲಿ ಕಾಣುತ್ತಾರೆ. ಫುಟ್‌ಪಾತಿನ ತೀರಾ ಅಂಚಿನಲ್ಲಿ, ಪಕ್ಕದಲ್ಲೊಬ್ಬರಿಗೆ ಜಾಗ ಬಿಟ್ಟು ನಡೆಯುತ್ತಿರುತ್ತಾರೆ, ಏನೋ ಮಾತಾಡುತ್ತಾ. ನಾನು ಹಾರ್ನ್ ಮಾಡುವುದಿಲ್ಲ.